ಹವಾಲ್ದಾರರ ಮಗಳ ಫೀಸು ರಿಯಾಯಿತಿ

ನನ್ನ ಗಂಡನಷ್ಟು ಪ್ರಾಮಾಣಿಕನಾದ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಒಬ್ಬರಿಂದಲೇ ಸಾಕಾಗಿದೆ. ಮದುವೆಯಾದ ಹೊಸದರಲ್ಲಿ ನಾನು ಚಾಮರಾಜಪುರಂನಲ್ಲಿ ಭಾವನವರ ಮನೆಯಲ್ಲಿದ್ದೆ. ಭಾವ ಅಂದರೆ ಇವರ ಅಣ್ಣ. ಊರಿನ ಜಮೀನು ಗೇಣಿಗೆ ಬಿಟ್ಟು ಮೈಸೂರಿಗೆ ಬಂದು ಹಿಟ್ಟಿನ ಗಿರಣಿ ಹಾಕಿಕೊಂಡಿದ್ದರು. ಮುಂದೆ ಗಿರಣಿ, ಹಿಂದೆ ಮನೆ. ಇವರು ಮಿಲಿಟರಿಯಲ್ಲಿ. ವರ್ಷಕ್ಕೊಂದು ಸಲ ರಜೆಗೆ ಬರುವುದು, ರಜೆ ಮುಗಿದರೆ ಟ್ರಂಕು ಹೊತ್ತು ಹೊರಡುವುದು. ಮಗಳು ಹುಟ್ಟಿ ತಪ್ಪುಹೆಜ್ಜೆ ಇಡುವ ಹೊತ್ತಿಗೆ ಅವರಿಗೆ ಪಂಜಾಬಿನ ಕಡೆ ಕ್ವಾರ್ಟರ್ಸ್ ಸಿಕ್ಕಿತು, ನಮ್ಮನ್ನು ಕರೆದುಕೊಂಡು ಹೋಗುವುದಕ್ಕೆ ಬಂದರು.

ರೈಲು ಹತ್ತುವ ಹಿಂದಿನ ದಿನ ನಾನು ಸಂಡಿಗೆ, ಹುರಿಹಿಟ್ಟು ಎಲ್ಲ ಗಂಟು ಕಟ್ಟುತ್ತಾ ಕೂತಿದ್ದರೆ ಇವರು ಮನೆಯ ರೇಷನ್ ಕಾರ್ಡು ಹಿಡಿದುಕೊಂಡು ಹೊರಟರು. ಎಲ್ಲಿಗೆ ಅಂದೆ. ನಮ್ಮ ಹೆಸರುಗಳನ್ನು ತೆಗೆಸಿಕೊಂಡು ಬರುತ್ತೇನೆ ಅಂದರು. ಇನ್ನು ಮೇಲೆ ನಮಗೆ ಯೂನಿಟ್ಟಿನಿಂದಲೇ ದಿನಸಿ ಬರುತ್ತದಂತೆ, ಇಲ್ಲೂ ಹೆಸರಿಟ್ಟುಕೊಂಡರೆ ಎರಡು ಎಲೆ ಹಾಕಿಸಿಕೊಂಡು ಉಂಡ ಹಾಗಾಗುತ್ತದಂತೆ, ಅದು ಇನ್ನೊಬ್ಬರ ಪಾಲಂತೆ. ಆ ಬೀದಿಯಲ್ಲಿ ತಿಥಿ ಮಾಡಿಸಿಕೊಳ್ಳುತ್ತಿದ್ದ ಅಜ್ಜಂದಿರ ಹೆಸರಿನಲ್ಲೂ ಸಕ್ಕರೆ ಬರುತ್ತಿತ್ತು, ಮದುವೆಯಾಗಿ ಬೊಂಬಾಯಿ ಸೇರಿದ ಹೆಣ್ಣುಮಕ್ಕಳ ಹೆಸರಿನಲ್ಲೂ ಸೀಮೆಎಣ್ಣೆ ಬರುತ್ತಿತ್ತು. ಇವರು ಹೋಗಿ ಹೆಸರು ಹೊಡೆಸಿ, ಮೊಹರು ಹಾಕಿಸಿಕೊಂಡೇ ಬಂದರು. ಹೆಸರು ಸೇರಿಸುವುದಕ್ಕೆ ಬರುವವರನ್ನು ನೋಡಿದ್ದೇವೆ, ತೆಗೆಸುವುದಕ್ಕೆ ಬಂದವರು ನೀವೇ ಮೊದಲು ಎಂದು ಆ ಆಫೀಸಿನವರು ಅಂದರಂತೆ. ಅದನ್ನು ಇವರು ಹೆಮ್ಮೆಯಿಂದ ಹೇಳಿದರು, ನಾನೂ ಆಗ ಚಿಕ್ಕವಳು, ಹೆಮ್ಮೆಪಟ್ಟೆ. ಭಾವನವರು ಮಾತ್ರ ಸಕ್ಕರೆ ಕಡಿಮೆಯಾಯಿತೆಂದು ಬಹಳ ದಿನ ಗೊಣಗುತ್ತಿದ್ದರಂತೆ.

ಆಮೇಲೆ ನಾವು ಊರೂರು ಸುತ್ತಿದೆವು. ಪಂಜಾಬು, ರಾಜಸ್ಥಾನ, ಅಸ್ಸಾಮು. ಒಂದು ಕಡೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ ಮುಗಿಯುವುದರೊಳಗೆ ಇನ್ನೊಂದು ಕಡೆಗೆ ಆರ್ಡರ್ ಬರುತ್ತಿತ್ತು. ಮಗಳು ಆಯಾ ಊರಿನ ಕ್ಯಾಂಪಿನ ಶಾಲೆಯಲ್ಲಿ ಹಿಂದಿ, ಇಂಗ್ಲಿಷು ಓದಿಕೊಂಡು ಬೆಳೆದಳು. ಮನೆಯೊಳಗೆ ಕನ್ನಡ ಬಿಟ್ಟು ಬೇರೆ ಮಾತಾಡಿದರೆ ನಾನು ಸುಮ್ಮನಿರುತ್ತಿರಲಿಲ್ಲ. ಓದು ಬರಹವನ್ನೂ ನಾನೇ ಕಲಿಸಿದ್ದೆ. ಅಲ್ಲಿ ರಾಗಿ ಸಿಗದೆ ಗೋಧಿಹಿಟ್ಟಿನಲ್ಲೇ ಮುದ್ದೆ ಕಟ್ಟಿ ಹಾಕಿದ ಮಹಾತಾಯಿ ನಾನು. ನಮ್ಮ ಊರು ಯಾವುದು ಅಂತ ಯಾರು ಕೇಳಿದರೂ ಅವಳು ಮೈಸೂರು ಅನ್ನುತ್ತಿದ್ದಳು, ಅದರಲ್ಲಿ ಅವಳಿಗೂ ನಮಗೂ ಎಂದೂ ಅನುಮಾನ ಬಂದಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಇವರನ್ನು ಗಡಿಗೆ ಹಾಕಿದರು. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ. ಮಗಳ ಹನ್ನೆರಡನೇ ತರಗತಿಯ ಪರೀಕ್ಷೆಯೂ ಮುಗಿದಿತ್ತು. ಟ್ರಂಕುಗಳನ್ನು ಹೇರಿಕೊಂಡು ನಾವಿಬ್ಬರೂ ವಾಪಸು ಭಾವನವರ ಮನೆಗೆ ಬಂದೆವು. ಆ ಬೇಸಿಗೆಯಲ್ಲೇ ಅಲ್ಲಿ ಯುದ್ಧ ಶುರುವಾಯಿತು. ನಾನು ಬೆಳಗ್ಗೆ ಎದ್ದರೆ ಮೊದಲು ರೇಡಿಯೋ ಹಾಕುವುದು, ಆಮೇಲೆ ಒಲೆ ಹಚ್ಚುವುದು. ಮಗಳು ಪ್ರವೇಶ ಪರೀಕ್ಷೆ ಬರೆದಳು. ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಸೀಟು ಸಿಕ್ಕಿತು. ಅವಳು ಕೇಳಿದ್ದೂ ಅದನ್ನೇ. ಗಿರಣಿಯ ಮೋಟರ್ ಕೆಟ್ಟರೆ ಮೆಕ್ಯಾನಿಕ್ ಬರುವುದರೊಳಗೆ ಇವಳು ಬಿಚ್ಚಿಟ್ಟುಕೊಂಡು ಕೂತಿರುತ್ತಿದ್ದಳು, ಭಾವ ಬೈಯುತ್ತಿದ್ದರು.

ಆದರೆ ಸೀಟು ಸಿಕ್ಕರೆ ಸಾಕೇ? ನಮ್ಮ ರಾಜ್ಯದವರಾದರೆ ಸರ್ಕಾರದ ರಿಯಾಯಿತಿ ಫೀಸು, ಹೊರಗಿನವರಾದರೆ ಪೂರ್ತಿ ಫೀಸು. ಪೂರ್ತಿ ಫೀಸಿನ ಮಾತನ್ನು ಒಬ್ಬ ಹವಾಲ್ದಾರನ ಮನೆಯಲ್ಲಿ ಎತ್ತುವಂತೆಯೇ ಇರಲಿಲ್ಲ. ರಿಯಾಯಿತಿ ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಟೈಪಿಂಗ್ ಕ್ಲಾಸಿಗೆ ಸೇರಿಸಿ ಗಂಡು ಹುಡುಕುವುದು, ಇಷ್ಟೇ. ಕಾಲೇಜಿನವರು ಪ್ರವೇಶಕ್ಕೆ ಕೊನೆಯ ದಿನ ಗೊತ್ತು ಮಾಡಿ, ಅಷ್ಟರೊಳಗೆ ನೀವು ಇಲ್ಲಿನವರೇ ಎಂದು ಸರ್ಕಾರಿ ಕಚೇರಿಯಿಂದ ಬರೆಸಿಕೊಂಡು ಬನ್ನಿ ಅಂದರು. ಅದೇನು ಮಹಾ, ನಮ್ಮೂರಲ್ಲಿ ನಾವು ಊರವರು ಅಂತ ಬರೆಸಿಕೊಳ್ಳುವುದು ಎಷ್ಟು ಹೊತ್ತು ಅಂದುಕೊಂಡು, ಒಳ್ಳೆಯ ಸೀರೆ ಉಟ್ಟು ಹೊರಟೆ.

ಕಚೇರಿಯ ಗುಮಾಸ್ತರು ನಡುವಯಸ್ಸಿನವರು, ಒರಟು ಮನುಷ್ಯರಲ್ಲ. ಕೂರಿಸಿ ಕೇಳಿದರು. ಹುಡುಗಿ ರಾಜ್ಯದ ಶಾಲೆಯಲ್ಲಿ ಏಳು ವರ್ಷ ಓದಿರಬೇಕು, ಇಲ್ಲವೇ ತಂದೆ ತಾಯಿ ಏಳು ವರ್ಷ ಇಲ್ಲಿ ವಾಸವಿದ್ದದ್ದಕ್ಕೆ ರೇಷನ್ ಕಾರ್ಡು ತೋರಿಸಬೇಕು ಅಂದರು. ಸೈನಿಕರ ಮಕ್ಕಳಿಗೆ ವಿನಾಯಿತಿ ಇಲ್ಲವೇ ಅಂದೆ. ಇದೆಯಂತೆ. ಅವರು ಹೊರಗಿನ ಶಾಲೆಯಲ್ಲಿ ಓದಿದ್ದರೂ ನಡೆಯುತ್ತದಂತೆ, ಆದರೆ ಸಂಸಾರ ಇಲ್ಲಿನ ವಾಸವನ್ನು ಬಿಟ್ಟುಕೊಟ್ಟಿರಬಾರದಂತೆ. ಅದಕ್ಕೆ ಸಾಕ್ಷಿ ಯಾವುದು? ಮತ್ತೆ ಅದೇ ರೇಷನ್ ಕಾರ್ಡು. ಭಾವನವರ ಕಾರ್ಡನ್ನು ಮುಂದಿಟ್ಟೆ. ಅದರಲ್ಲಿ ನಮ್ಮ ಮೂವರ ಹೆಸರಿನ ಮೇಲೂ ಕೆಂಪು ಗೆರೆ, ಪಕ್ಕದಲ್ಲಿ ಮೊಹರು. ಯಾರು ತೆಗೆಸಿದ್ದು ಅಂದರು. ನಮ್ಮ ಯಜಮಾನರೇ ಅಂದೆ. ಗುಮಾಸ್ತರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

“ಯಾಕ್ ತಾಯಿ ತೆಗ್ಸುದ್ರು? ಯಾರಾದ್ರೂ ಕೇಳಿದ್ರಾ ಅವ್ರನ್ನ?”

ಯಾರೂ ಕೇಳಿರಲಿಲ್ಲ. ಅದೇ ನನ್ನ ಹೊಟ್ಟೆ ಉರಿ. ಇವರ ಯೂನಿಟ್ಟಿನಿಂದ ಬಂದ ಪತ್ರ ತೋರಿಸಿದೆ. ಅದರಲ್ಲಿ ಇವರ ಊರು, ತಾಲ್ಲೂಕು, ಮೈಸೂರು ಜಿಲ್ಲೆ ಎಲ್ಲ ಇತ್ತು. ಅದು ಅವರು ಎಲ್ಲಿ ಹುಟ್ಟಿದರು ಅನ್ನುವುದಕ್ಕೆ ಆಯಿತು, ನೀವು ಎಲ್ಲಿ ಬಾಳಿದಿರಿ ಅನ್ನುವುದಕ್ಕೆ ಏನಿದೆ ಅಂದರು. ನಾನು ಮಾತಾಡುವುದು ಕೇಳಿದರೆ ಗೊತ್ತಾಗುವುದಿಲ್ಲವೇ ಸ್ವಾಮಿ ನಾವು ಎಲ್ಲಿಯವರು ಅಂತ, ಅಂದೆ. ಗೊತ್ತಾಗುತ್ತದೆ, ಆದರೆ ಮಾತನ್ನು ಅರ್ಜಿಗೆ ಲಗತ್ತಿಸುವುದಕ್ಕೆ ಆಗುವುದಿಲ್ಲವಲ್ಲ ಅಂದರು. ತಮಾಷೆಗೆ ಹೇಳಿದ್ದಲ್ಲ ಆ ಮನುಷ್ಯ, ನಿಜವಾಗಿಯೂ ಬೇಜಾರಿನಿಂದಲೇ ಹೇಳಿದರು.

ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ. ರೇಷನ್ ಆಫೀಸಿಗೆ ಹೋದೆ. ಹೆಸರು ಮತ್ತೆ ಸೇರಿಸಿಕೊಡುತ್ತೇವೆ, ಆದರೆ ಇವತ್ತಿನ ತಾರೀಕಿನಿಂದ ಅಂದರು. ಇವತ್ತಿನಿಂದ ಏಳು ವರ್ಷ ಕಾದರೆ ಮಗಳು ಕಾಲೇಜಿಗೆ ಹೋಗುವುದಲ್ಲ, ಅವಳ ಮಗುವನ್ನು ಶಿಶುವಿಹಾರಕ್ಕೆ ಸೇರಿಸುವ ಹೊತ್ತಾಗಿರುತ್ತದೆ. ಸೈನಿಕರ ಕ್ಷೇಮ ನೋಡಿಕೊಳ್ಳುವ ಆಫೀಸಿಗೆ ಹೋದೆ. ಅಲ್ಲಿ ಒಬ್ಬರು ನಿವೃತ್ತ ಸುಬೇದಾರರು ಎದ್ದು ನಿಂತು ಮಾತಾಡಿಸಿ, ಕಾಫಿ ತರಿಸಿ, ಬಹಳ ಗೌರವದಿಂದ ಒಂದು ಶಿಫಾರಸು ಪತ್ರ ಟೈಪ್ ಮಾಡಿಸಿಕೊಟ್ಟರು. ಗುಮಾಸ್ತರು ಅದನ್ನು ಓದಿ, ಪತ್ರ ಬಹಳ ಚೆನ್ನಾಗಿದೆ ಎಂದು ಹೇಳಿ, ಫೈಲಿನೊಳಗೆ ಇಟ್ಟು, ರೇಷನ್ ಕಾರ್ಡು ಎಲ್ಲಿ ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಪಾಪ ಕೊಡಬೇಕೆಂದೇ ಇದ್ದ, ಅವನ ಕೈಯಲ್ಲಿ ಇರಲಿಲ್ಲ.

ಇದರ ನಡುವೆ ನಮ್ಮ ಗಿರಣಿಗೆ ಬರುತ್ತಿದ್ದ ಲಕ್ಷ್ಮೀಪುರಂನ ಒಬ್ಬಾಕೆ ಮೈಸೂರುಪಾಕು ತಂದುಕೊಟ್ಟರು. ಅವರ ಮಗನಿಗೆ ರಿಯಾಯಿತಿ ಸಿಕ್ಕಿತಂತೆ. ಆ ಹುಡುಗ ಬೊಂಬಾಯಿಯಲ್ಲೇ ಹುಟ್ಟಿ ಅಲ್ಲೇ ಓದಿದವನು. ಅವರ ಯಜಮಾನರು ಅಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಆದರೆ ಮೈಸೂರಿನ ಅಜ್ಜಿಯ ಕಾರ್ಡಿನಲ್ಲಿ ಎಲ್ಲರ ಹೆಸರೂ ಹಾಗೇ ಉಳಿದಿತ್ತು. ಯಾರು ಹೋಗಿ ತೆಗೆಸುತ್ತಾರೆ ಹೇಳಿ, ಅಂತ ಆಕೆ ನಕ್ಕರು. ಒಳ್ಳೆಯ ಹೆಂಗಸು, ನನ್ನ ಕಥೆ ಅವರಿಗೆ ಗೊತ್ತಿರಲಿಲ್ಲ. ಆ ಮೈಸೂರುಪಾಕನ್ನು ನಾನು ಬಾಯಿಗೆ ಹಾಕದೆ ಭಾವನವರಿಗೆ ಕೊಟ್ಟುಬಿಟ್ಟೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ನಮ್ಮವ್ವ ಹೇಳುತ್ತಿದ್ದಳು, ಅದರ ರುಚಿ ಏನೆಂದು ಅವತ್ತು ಗೊತ್ತಾಯಿತು.

ಕೊನೆಯ ದಿನ ಹತ್ತಿರ ಬರುತ್ತಿತ್ತು. ಮತ್ತೆ ಆ ಕಚೇರಿಗೆ ಹೋದೆ. ಊರೆಲ್ಲ ಆಗ ಬಟ್ಟೆಯ ಬ್ಯಾನರುಗಳು: ವೀರ ಯೋಧರಿಗೆ ಜಯವಾಗಲಿ, ಇಡೀ ನಾಡು ನಿಮ್ಮ ಬೆನ್ನಿಗಿದೆ. ಕಚೇರಿಯ ಬಾಗಿಲಿಗೂ ಒಂದು ಕಟ್ಟಿದ್ದರು, ನಾನು ಅದರ ಅಡಿಯಲ್ಲಿ ತಲೆ ಬಗ್ಗಿಸಿಕೊಂಡೇ ಒಳಗೆ ಹೋಗಬೇಕಿತ್ತು. ಗುಮಾಸ್ತರ ಮೇಜಿನ ಮೇಲೆ ರಸೀತಿ ಪುಸ್ತಕ, ಪಕ್ಕದಲ್ಲಿ ಬಾವುಟದ ಚಿತ್ರ ಅಂಟಿಸಿದ ಡಬ್ಬ. ಬಂದವರೆಲ್ಲ ಸೈನಿಕರ ನಿಧಿಗೆ ಏನಾದರೂ ಹಾಕಬೇಕು ಎಂದು ಮೇಲಿನವರ ಆಜ್ಞೆಯಂತೆ. ನನ್ನ ಮುಖ ನೋಡದೆ, ಅಭ್ಯಾಸಬಲದಲ್ಲಿ, ಅವರು ಡಬ್ಬವನ್ನು ನನ್ನ ಕಡೆಗೂ ತಳ್ಳಿದರು.

ನಾನು ಡಬ್ಬವನ್ನು ಹಿಂದಕ್ಕೆ ತಳ್ಳಿದೆ. ಅಲ್ಲಿ ಎಷ್ಟು ಜನ ಇದ್ದರು, ಯಾರು ಯಾರು ಇದ್ದರು ಅನ್ನುವುದನ್ನು ನಾನು ನೋಡಲಿಲ್ಲ. ನನ್ನ ಗಂಡ ಅಲ್ಲಿ ಹಿಮದಲ್ಲಿ ಕೂತಿದ್ದಾನೆ, ಉಂಡನೋ ಇಲ್ಲವೋ ಗೊತ್ತಿಲ್ಲ, ಇದ್ದಾನೋ ಇಲ್ಲವೋ ಎಂದು ದಿನಾ ರೇಡಿಯೋ ಕೇಳುತ್ತೇನೆ, ಅವನ ಮಗಳು ಈ ನಾಡಿನವಳಲ್ಲ ಅಂತ ಹೇಳಿ ನನ್ನ ಕೈಯಲ್ಲೇ ಅವನಿಗೆ ಚಂದಾ ಕೇಳುತ್ತೀರಲ್ಲ, ನಿಮಗೆ ಮನಸ್ಸಾದರೂ ಹೇಗೆ ಬಂತು ಅಂದೆ. ಇನ್ನೂ ಏನೇನೋ ಅಂದೆ. ಅಷ್ಟು ಜನ ಗಂಡಸರ ನಡುವೆ ನಾನು ಹಾಗೆ ದನಿ ಎತ್ತಿದ್ದು ಅದೇ ಮೊದಲು. ಗುಮಾಸ್ತರು ಡಬ್ಬವನ್ನು ತೆಗೆದು ಮೇಜಿನ ಕೆಳಗಿಟ್ಟರು. ಜವಾನನಿಗೆ ನೀರು ತರಲು ಹೇಳಿದರು. ಜನ ಕರಗುವ ತನಕ ನನ್ನನ್ನು ಕೂರಿಸಿಕೊಂಡು, ಆಮೇಲೆ ದನಿ ತಗ್ಗಿಸಿ ಮಾತಾಡಿದರು.

ಇನ್ನೂ ಎರಡು ದಾರಿ ಇವೆಯಂತೆ. ಯುದ್ಧದಲ್ಲಿ ತೀರಿಕೊಂಡವರ ಮಕ್ಕಳಿಗೆ ಬೇರೆ ಕಾಲಂ ಇದೆ, ಅವರಿಗೆ ವಾಸದ ದಾಖಲೆ ಬೇಡ ಎಂದು ಶುರು ಮಾಡಿ, ತಕ್ಷಣ ನಾಲಿಗೆ ಕಚ್ಚಿಕೊಂಡು, ಅದು ನಿಮಗೆ ಬೇಡ ಬಿಡಿ ತಾಯಿ, ಚಾಮುಂಡಿ ಕಾಪಾಡಲಿ ಅಂದರು. ನಾನು ಸೆರಗಿನೊಳಗೆ ತಾಳಿ ಹಿಡಿದುಕೊಂಡೆ. ಇನ್ನೊಂದು, ಗಂಡ ಬಿಟ್ಟು ಹೋದ ಹೆಂಗಸರ ಮಕ್ಕಳದು. ಅಂಥವರು ಎಲ್ಲಿಂದಲೋ ತಿರುಗಿ ಬಂದು ಅಣ್ಣನ ಮನೆಯಲ್ಲೋ ಭಾವನ ಮನೆಯಲ್ಲೋ ಇರುತ್ತಾರೆ, ಅವರ ಹತ್ತಿರ ಕಾಗದ ಎಲ್ಲಿರುತ್ತದೆ? ಹಾಗಾಗಿ ಏಳು ವರ್ಷದ ಮಾತಿಲ್ಲ. ಈಗ ಎಲ್ಲಿದ್ದಾರೋ ಅಲ್ಲಿ ಮಹಜರು ಮಾಡಿ, ನೆರೆಯವರು ಹೌದೆಂದರೆ ಮುಗಿಯಿತು.

“ಛಾಪಾ ಕಾಗದದ ಮೇಲೆ ಬರ್ಕೊಡಿ ಸಾಕು,” ಅಂದರು. “ಗಂಡ ಬಿಟ್ಟೋಗವ್ರೆ, ಎಲ್ಲವ್ರೆ ಗೊತ್ತಿಲ್ಲ ಅಂತ. ಮಿಕ್ಕಿದ್ದು ನಾನ್ ನೋಡ್ಕೋತೀನಿ. ನಂಗೂ ಹೆಣ್ಮಕ್ಕಳವ್ರೆ ತಾಯಿ.”

ಬಯ್ಯಬೇಕೋ ಕೈಮುಗಿಯಬೇಕೋ ತಿಳಿಯದೆ ಎದ್ದು ಬಂದೆ. ಬಿಟ್ಟು ಹೋದವನು ಅನ್ನುವ ಮಾತು ಮಿಲಿಟರಿ ಮನೆಯಲ್ಲಿ ಎಂಥದ್ದು ಅಂತ ಆ ಗುಮಾಸ್ತರಿಗೆ ಏನು ಗೊತ್ತು. ರಾಜಸ್ಥಾನದಲ್ಲಿದ್ದಾಗ ನಮ್ಮ ಸಾಲಿನ ಒಬ್ಬ ಸಿಪಾಯಿ ರಜೆಗೆ ಹೋದವನು ವಾಪಸು ಬರಲಿಲ್ಲ. ಅವನ ಹೆಂಡತಿ ಕ್ವಾರ್ಟರ್ಸ್ ಖಾಲಿ ಮಾಡುವಾಗ ಪಾತ್ರೆ ಎತ್ತಿಕೊಡುವುದಕ್ಕೂ ಯಾರೂ ಹೋಗಲಿಲ್ಲ. ಇವರಂತೂ ಅವನ ಸುದ್ದಿ ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಕಳ್ಳ ಅನ್ನಿಸಿಕೊಂಡರೂ ಸಹಿಸುವರು, ಬಿಟ್ಟು ಓಡಿದವನು ಅನ್ನಿಸಿಕೊಳ್ಳುವುದನ್ನು ಸಹಿಸುವ ಜನ ಅಲ್ಲ ಅವರು.

ಮನೆಗೆ ಬಂದು ಹೇಳಿದೆ. ಭಾವ ಒಂದು ಗಳಿಗೆಯೂ ಯೋಚಿಸಲಿಲ್ಲ. ಬರೆದುಕೊಟ್ಟುಬಿಡು ತಾಯಿ, ನಾನೂ ಸಾಕ್ಷಿ ಹಾಕುತ್ತೇನೆ, ಕಾಗದಕ್ಕೇನು ಬಾಯಿ ಇದೆಯೇ ಅಂದರು. ಮಗಳು ಮಾತ್ರ, ಅಪ್ಪನನ್ನು ಕೇಳದೆ ಬೇಡ ಅಂದಳು. ಇವರಿಗೆ ಫೋನು ಮಾಡುವುದು ನಮ್ಮ ಕೈಯಲ್ಲಿರಲಿಲ್ಲ. ಅವರೇ ಸಮಯ ಸಿಕ್ಕಿದ ಭಾನುವಾರ ಬೆಳಗ್ಗೆ ಗಿರಣಿಯ ಫೋನಿಗೆ ಮಾಡುತ್ತಿದ್ದರು.

ಭಾನುವಾರವೇ ಗಿರಣಿಗೆ ಜನ ಜಾಸ್ತಿ. ರಾಗಿ ಡಬ್ಬ, ಗೋಧಿ ಡಬ್ಬ ಸಾಲು ಹಚ್ಚಿರುತ್ತಿದ್ದವು. ಮೋಟರ್ ಓಡುತ್ತಿದ್ದರೆ ಫೋನಿನ ಸದ್ದು ಕೇಳುವುದಿಲ್ಲ ಎಂದು ಭಾವ ಆ ಹೊತ್ತಿಗೆ ಸ್ವಿಚ್ ಆರಿಸಿಬಿಡುತ್ತಿದ್ದರು. ಮೋಟರ್ ನಿಂತ ಮೇಲೆ ಇನ್ನೇನು, ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಹಿಟ್ಟಿನ ಧೂಳು ಕುಡಿಯುತ್ತಾ ನನ್ನ ಸಂಸಾರದ ಮಾತು ಕೇಳಬೇಕು. ಅವರಲ್ಲಿ ಹೆಚ್ಚಿನವರು ಹೊಸಬರು, ನನ್ನನ್ನು ಆ ಬೇಸಿಗೆಯಿಂದ ಕಂಡವರು. ಇವರನ್ನು ನೋಡಿದವರೇ ಅಲ್ಲ, ಮಿಲಿಟರಿಯವರು ಅಂತಲೂ ತಿಳಿಯದವರು.

ಆ ಭಾನುವಾರ ಫೋನು ಬಂತು. ಚೆನ್ನಾಗಿದ್ದೀರಾ ಅಂತಲೂ ನಾನು ಕೇಳಲಿಲ್ಲ, ಅಷ್ಟು ಕೋಪ ಇತ್ತು. ನಿಮ್ಮನ್ನು ಯಾರು ಕೇಳಿದ್ದರು ಹೆಸರು ತೆಗೆಸಿ ಅಂತ, ಸತ್ತವರೆಲ್ಲ ಈ ಊರಿನವರಾಗಿಯೇ ಇದ್ದಾರೆ, ಬದುಕಿರುವ ನಾವು ಮೂವರೇ ಪರದೇಶಿಗಳು, ನಿಮ್ಮ ನ್ಯಾಯ ನೀತಿ ಕಟ್ಟಿಕೊಂಡು ನನ್ನ ಮಗಳು ಹಾಳಾದಳು ಎಂದು ಒಂದೇ ಉಸಿರಿಗೆ ಹೇಳಿದೆ. ಆಮೇಲೆ ಸಾಲಿನವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, ಗುಮಾಸ್ತರು ಹೇಳಿದ ದಾರಿಯನ್ನೂ ಹೇಳಿದೆ. ಅದನ್ನು ಕೇಳಿದ ಕೂಡಲೇ ಇವರು ಸಿಡಿದೇಳಲಿ ಅಂತಲೇ ನನಗಿತ್ತು. ಬೇಡ ಅನ್ನಲಿ, ಬೈಯಲಿ, ಆಗ ನಾನೂ ನಾಲ್ಕು ಮಾತು ಆಡುತ್ತೇನೆ, ಇಷ್ಟು ವರ್ಷದ್ದೆಲ್ಲ ಸೇರಿಸಿ ಜಗಳವಾಡುತ್ತೇನೆ ಅಂತ ಕಾದೆ. ಆ ಕಡೆ ಬರೀ ಗಾಳಿಯ ಸದ್ದು. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

“ಮಗೂಗೆ ಆ ಕಾಲೇಜು ಇಷ್ಟ ಅದಾ?” ಅಂದರು.

ಇದೆ ಅಂದೆ.

“ಹಂಗಾದ್ರೆ ಬರ್ಕೊಡು. ಬಿಟ್ಟೋದ ಅಂತ್ಲೇ ಬರ್ಕೊಡು.” ಆಮೇಲೆ, “ಸೈನ್ ಮಾಡೋವಾಗ ಅಳ್ಬ್ಯಾಡ ಕಣೆ,” ಅಂದರು. ಅಷ್ಟರಲ್ಲಿ ಹೊತ್ತು ಮುಗಿದು ಲೈನ್ ಹೋಯಿತು.

ನಾನು ಫೋನು ಹಿಡಿದುಕೊಂಡೇ ನಿಂತಿದ್ದೆ. ಒಂದು ಚಮಚ ಸಕ್ಕರೆಗೆ ಸುಳ್ಳು ಹೇಳದ ಮನುಷ್ಯ. ಅವರ ಬಾಯಲ್ಲಿ ಆ ಮಾತು ಬಂದ ಮೇಲೆ ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಉಳಿಯಲಿಲ್ಲ. ಆ ಸಿಟ್ಟನ್ನು ಯಾರ ಮೇಲೆ ಹಾಕಲಿ? ಗುಮಾಸ್ತರ ಮೇಲೋ, ಕಾನೂನು ಬರೆದವರ ಮೇಲೋ, ನನ್ನ ಮೇಲೋ? ಸಾಲಿನಲ್ಲಿದ್ದ ಒಬ್ಬಾಕೆ ನನ್ನ ಭುಜ ಮುಟ್ಟಿ, ಹೋಗ್ಲಿ ಬುಡಮ್ಮ, ಗಂಡಸ್ರ ಹಣೆಬರಾನೇ ಇಷ್ಟು ಅಂದಳು. ಭಾವ ಮೋಟರ್ ಹಾಕಿದರು.

ಛಾಪಾ ಕಾಗದದ ಮೇಲೆ ಬರೆಸಿದ್ದಾಯಿತು. ಮಹಜರಿಗೆ ಕಚೇರಿಯವರು ಬ್ಯಾಗು ನೇತುಹಾಕಿಕೊಂಡು ಬಂದರು. ಗಿರಣಿಗೆ ಬಂದಿದ್ದವರನ್ನೂ ಅಕ್ಕಪಕ್ಕದವರನ್ನೂ ಪಂಚರೆಂದು ಕರೆದು ವಿಚಾರಿಸಿದರು. ನಾನು ಇವತ್ತಿಗೂ ಮರೆಯದಿರುವುದು ಯಾವುದು ಅಂದರೆ, ಅವತ್ತು ಯಾರೂ ಸುಳ್ಳು ಹೇಳಲಿಲ್ಲ. ಈಕೆಯ ಗಂಡನನ್ನು ನೋಡಿದ್ದೀರಾ ಅಂದರು, ಇಲ್ಲ ಅಂದರು, ನಿಜ. ಹಬ್ಬ ಹುಣ್ಣಿಮೆಗಾದರೂ ಬರುತ್ತಾರಾ ಅಂದರು, ಬರುವುದು ಕಂಡಿಲ್ಲ ಅಂದರು, ನಿಜ. ಭಾವನನ್ನು ಕೇಳಿದರು, ತಮ್ಮ ಈಗ ಎಲ್ಲಿದ್ದಾನೆ ನನಗೆ ತಿಳಿಯದು ಅಂದರು. ಅದೂ ನಿಜವೇ. ಆಗ ಇವರಿಗೆ ಬರೆಯುವ ಕಾಗದದ ಮೇಲೆ ಊರಿನ ಹೆಸರೇ ಇರುತ್ತಿರಲಿಲ್ಲ, ಬರೀ ನಂಬರು. ಎಲ್ಲರ ನಿಜವನ್ನೂ ಕೂಡಿಸಿ ಕೆಳಗೆ ನನ್ನ ಗಂಡ ಓಡಿಹೋದವನು ಎಂದು ಬರೆದು, ಎಲ್ಲರ ಸಹಿ ತೆಗೆದುಕೊಂಡರು. ನಾನೂ ಹಾಕಿದೆ. ಅಳಲಿಲ್ಲ.

ಮಗಳಿಗೆ ರಿಯಾಯಿತಿ ಸಿಕ್ಕಿತು. ಕಾಲೇಜಿಗೆ ಹೋಗತೊಡಗಿದಳು. ಸಂತೋಷಪಡಬೇಕಿತ್ತು, ಪಟ್ಟೆ ಅಂತಲೇ ಇಟ್ಟುಕೊಳ್ಳಿ. ಆದರೆ ಬೀದಿಯಲ್ಲಿ ನನ್ನನ್ನು ನೋಡುವ ರೀತಿ ಬದಲಾಗಿತ್ತು. ಗೌರಿ ಹಬ್ಬಕ್ಕೆ ಅರಿಸಿನ ಕುಂಕುಮಕ್ಕೆ ಕರೆಯಲು ಬಂದವರು ನನ್ನ ಓರಗಿತ್ತಿಯನ್ನು ಕರೆದು, ನನ್ನ ಕಡೆ ತಿರುಗಿ, ನೀವೂ ಮನಸ್ಸಾದ್ರೆ ಬನ್ನಿ ಅಂದರು. ಹೋಗಲಿಲ್ಲ. ನನ್ನ ಗಂಡ ಎಂಥವನು ಗೊತ್ತೇನ್ರೇ ಎಂದು ಬೀದಿ ನಡುವೆ ನಿಂತು ಕೂಗಬೇಕು ಅನ್ನಿಸುತ್ತಿತ್ತು. ಕೂಗಿದರೆ ಮಗಳ ಫೀಸು ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ರಾಗಿ ಜರಡಿ ಹಿಡಿಯುತ್ತಿದ್ದೆ.

ಯುದ್ಧ ಮುಗಿದು, ದೀಪಾವಳಿಯ ಆಸುಪಾಸಿನಲ್ಲಿ ಇವರಿಗೆ ರಜೆ ಸಿಕ್ಕಿತು. ಸೊರಗಿ ಕಡ್ಡಿಯಾಗಿ, ಮುಖವೆಲ್ಲ ಕಪ್ಪಿಟ್ಟು, ಮಾಮೂಲಿ ಷರ್ಟು ಪ್ಯಾಂಟಿನಲ್ಲಿ ಗಿರಣಿಯ ಮುಂದೆ ಬಂದು ನಿಂತರು. ಸಾಲಿನಲ್ಲಿದ್ದ ಹೆಂಗಸರಿಗೆ ಅರ್ಥವಾಗುವುದಕ್ಕೆ ಹೊತ್ತು ಹಿಡಿಯಲಿಲ್ಲ. ಸಂಜೆ ಹೊತ್ತಿಗೆ, ಮಹಜರಿಗೆ ಸಹಿ ಹಾಕಿದ್ದವರಲ್ಲೇ ಒಬ್ಬಾಕೆ ಹೂವು, ತೆಂಗಿನಕಾಯಿ ಹಿಡಿದುಕೊಂಡು ಬಂದರು. ನನ್ನ ಗಂಡ ತಿರುಗಿ ಬರಲಿ ಎಂದು ಬೆಟ್ಟದ ತಾಯಿಗೆ ಹರಕೆ ಹೊತ್ತಿದ್ದರಂತೆ, ಪಾಪ. ಇವರನ್ನು ಎದುರಿಗೆ ನಿಲ್ಲಿಸಿಕೊಂಡು, ಬಂದ್ಬುಟ್ರಲ್ಲ, ಅಷ್ಟೇ ಸಾಕು, ಇನ್ಮೇಲಾದ್ರೂ ಇವ್ರನ್ನ ಬಿಟ್ಟು ಹೋಗ್ಬ್ಯಾಡಿ ಅಣ್ಣ ಅಂದರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದೆ. ಇವರು ತಲೆ ತಗ್ಗಿಸಿ, ಇಲ್ಲಮ್ಮ ಅಂದರು.

ಆ ರಜೆಯಲ್ಲೇ ಕಾಲೇಜಿನಲ್ಲಿ ರಾಜ್ಯೋತ್ಸವ ಇಟ್ಟುಕೊಂಡಿದ್ದರು. ತಂದೆ ತಾಯಿಯರಿಗೂ ಕರೆ ಇತ್ತು. ನಾನು ಬೇಡ ಅಂದೆ. ಇವರು, ಅವಳ ಕಾಲೇಜನ್ನು ಒಂದು ಸಲ ನೋಡಬೇಕು, ಅಷ್ಟು ಜನರಲ್ಲಿ ನನ್ನನ್ನು ಯಾರು ಗುರುತು ಹಿಡಿಯುತ್ತಾರೆ ಎಂದು ಇಸ್ತ್ರಿ ಷರ್ಟು ಹಾಕಿಕೊಂಡು ಹೊರಟರು. ಮಗಳು ಗೇಟಿನ ಹತ್ತಿರ ಕಾಯುತ್ತಿದ್ದಳು. ಲ್ಯಾಬು, ಲೈಬ್ರರಿ ಎಲ್ಲ ತೋರಿಸಿದಳು. ದೊಡ್ಡ ಮೋಟರೊಂದರ ಮುಂದೆ ನಿಂತು ಅದೇನೋ ವಿವರಿಸಿದಳು. ಇವರು ಕೈ ಹಿಂದೆ ಕಟ್ಟಿಕೊಂಡು ಎಲ್ಲವನ್ನೂ ಕೇಳಿದರು. ಆಮೇಲೆ ಅವಳು ಮುಂದೆ ಹುಡುಗಿಯರ ಸಾಲಿಗೆ ಹೋದಳು, ನಾವು ಹಿಂದೆ ಕೂತೆವು. ಅವಳ ಕಾಗದಗಳನ್ನು ನೋಡಿ ಪ್ರವೇಶ ಕೊಟ್ಟಿದ್ದ ಆಫೀಸಿನವರು ಗೋಡೆಯ ಪಕ್ಕ ನಿಂತಿದ್ದರು.

ನಾಡಗೀತೆ ಆಯಿತು, ಭಾಷಣಗಳಾದವು. ಪ್ರಿನ್ಸಿಪಾಲರು ಕೊನೆಯಲ್ಲಿ ಆ ವರ್ಷದ ಯುದ್ಧದ ಮಾತೆತ್ತಿದರು. ಚೆನ್ನಾಗಿಯೇ ಮಾತಾಡಿದರು, ಅವರ ಕಣ್ಣೂ ಒದ್ದೆಯಾಗಿತ್ತು. ಈ ಕನ್ನಡ ನಾಡಿನಿಂದ ಹೋಗಿ ಗಡಿ ಕಾಯುತ್ತಿರುವ ಯೋಧರ ಮಕ್ಕಳು ನಮ್ಮ ಕಾಲೇಜಿನಲ್ಲಿ ಓದುತ್ತಿರುವುದು ನಮ್ಮ ಪುಣ್ಯ, ಆ ಮಕ್ಕಳು ದಯವಿಟ್ಟು ಎದ್ದು ನಿಲ್ಲಬೇಕು, ಅವರನ್ನು ಸನ್ಮಾನ ಮಾಡುತ್ತೇವೆ ಅಂದರು.

ಒಬ್ಬ ಹುಡುಗ ಎದ್ದ. ಆ ಕಡೆಯಿಂದ ಇನ್ನೊಬ್ಬ. ಹುಡುಗಿಯರಲ್ಲಿ ಒಬ್ಬಳು ಎದ್ದಳು. ನನ್ನ ಮಗಳ ಕೈ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದದ್ದು ನನಗೆ ಕಾಣಿಸಿತು. ಅರ್ಧ ಎದ್ದವಳು ಹಿಂದಕ್ಕೆ ತಿರುಗಿದಳು. ನನ್ನನ್ನು ನೋಡಲಿಲ್ಲ, ಅವರಪ್ಪನನ್ನು ನೋಡಿದಳು.

ಇವರು ತೊಡೆಯ ಮೇಲಿದ್ದ ಕೈಯನ್ನು ಸ್ವಲ್ಪವೇ ಎತ್ತಿ, ಅಂಗೈ ಕೆಳಗೆ ಮಾಡಿ, ಮೆಲ್ಲಗೆ ಒತ್ತಿ ತೋರಿಸಿದರು, ಕೂತ್ಕೋ ಅಂತ. ಅವಳು ಕೂತಳು.

ಎದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ವೇದಿಕೆಗೆ ಕರೆದು ಶಾಲು ಹೊದಿಸಿದರು. ಒಬ್ಬೊಬ್ಬರಿಗೂ ಇವರು ಚಪ್ಪಾಳೆ ತಟ್ಟಿದರು.